ಕಿಲೋಮೀಟರಿಗೆ ಏಳು ನಿಮಿಷ, ಮಾತು ಸೇರಿ

ಕಳೆದ ಡಿಸೆಂಬರಿನ ಒಂದು ಭಾನುವಾರ ಮೈಸೂರಿನಲ್ಲಿ ನಾನು ಮ್ಯಾರಥಾನ್ ಓಡಿದೆ. ಐದು ಗಂಟೆಯೊಳಗೆ ಮುಗಿಸುವುದಾಗಿ ಹೇಳಿದ್ದೆ. ಐದು ಗಂಟೆ ಇಪ್ಪತ್ತಾರು ನಿಮಿಷ ಹಿಡಿಯಿತು. ಫಲಿತಾಂಶವನ್ನು ಬಚ್ಚಿಟ್ಟು ಓದುಗರನ್ನು ಕಾಯಿಸುವುದು ನನ್ನ ಕಸುಬಿಗೆ ಒಗ್ಗದು. ಹಾಸನದ ಒಂದು ಪತ್ರಿಕೆಯಲ್ಲಿ ಕೂತು, ಬೇರೆಯವರು ಬರೆದ ಸುದ್ದಿಯ ಕೊನೆಯ ಸಾಲನ್ನು ಎತ್ತಿ ಮೊದಲಿಗೆ ಹಾಕುವುದೇ ನನ್ನ ಕೆಲಸ. ಸೋಲು ನನ್ನದೇ ಆದಾಗ ಮಾತ್ರ ಅದನ್ನು ಕೆಳಕ್ಕೆ ತಳ್ಳಿದರೆ ನ್ಯಾಯವಲ್ಲ.

ಓಡಬೇಕೆಂಬ ಆಸೆಯೇನೂ ನನಗೆ ತಾನಾಗಿ ಹುಟ್ಟಿದ್ದಲ್ಲ. ನಮ್ಮಕ್ಕನ ಗಂಡನಿಗೆ ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ. ಎದೆನೋವು ಬಂದು ಸ್ಟೆಂಟ್ ಹಾಕಿದ ಮೇಲೆ, ದಿನಾ ಮುಕ್ಕಾಲು ಗಂಟೆ ನಡೆಯದಿದ್ದರೆ ಮತ್ತೆ ಇಲ್ಲಿಗೇ ಬರುತ್ತೀರಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಭಾವ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ಅಕ್ಕ ಅತ್ತಳು, ಮಾತು ಬಿಟ್ಟಳು, ಕೊನೆಗೆ ನನ್ನನ್ನು ಕರೆಸಿದಳು. ನಾನು ಹೋಗಿ ಆರೋಗ್ಯ ಪುರವಣಿಯ ಭಾಷೆಯಲ್ಲಿ ನಡಿಗೆಯ ಮಹತ್ವವನ್ನು ವಿವರಿಸಿದೆ.

“ಕೆಲ್ಸ ಇಲ್ದೆ ನಡೆಯಾದು ಅಂದ್ರೆ ಏನ್ಲಾ? ಎಲ್ಲಿಗೆ ಅಂತ ಯಾರಾನ ಕೇಳುದ್ರೆ ಏನ್ ಏಳ್ಲಿ? ಅಲ್ಲಿಗ್ ಓಗಿ ಇಲ್ಲಿಗ್ ಬತ್ತೀನಿ ಅನ್ಲಾ?” ಎಂದರು ಭಾವ. ಆಮೇಲೆ ಅವರ ಕಣ್ಣು ನಿಧಾನವಾಗಿ ನನ್ನ ಹೊಟ್ಟೆಯ ಮೇಲೆ ಇಳಿಯಿತು. “ಬುದ್ಧಿ ಏಳಕ್ಕೆ ಬಂದ್ಬುಟ್ಟ. ಮೊದ್ಲು ನೀನ್ ಓಡು, ಆಮೇಕೆ ನಾನ್ ನಡೀತೀನಿ ಕಣ್ಲಾ.”

ಮಾತಿಗೆ ಮಾತು ಬೆಳೆಯಿತು. ಮ್ಯಾರಥಾನ್ ಎಂಬ ಶಬ್ದ ನನ್ನ ಬಾಯಿಂದಲೇ ಬಂತು. ಐದು ಗಂಟೆ ಎಂಬುದನ್ನೂ ಯಾರೂ ಕೇಳದೆ ನಾನೇ ಸೇರಿಸಿದೆ. “ಐದು ಅಂದ್ರೆ ಐದೇಯ. ಒಂದ್ ನಿಮ್ಷ ಜಾಸ್ತಿ ಆದ್ರೂ ಅಕ್ಕ ತಮ್ಮ ಇಬ್ರೂ ಈ ವಾಕಿಂಗ್ ಸುದ್ದಿ ಎತ್ತಂಗಿಲ್ಲ,” ಎಂದರು ಭಾವ. ಅಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ನಂಬಿಕೆ ಇರಲಿಲ್ಲ. ಆದರೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ.

ಓಟದ ವೇಗವನ್ನು ಲೆಕ್ಕ ಹಾಕುವುದು ಓಡುವುದಕ್ಕಿಂತ ಎಷ್ಟೋ ಸುಖದ ಕೆಲಸ. ಪುಟ ಮುದ್ರಣಕ್ಕೆ ಹೋಗುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಬದುಕಿದವನಿಗೆ ಅದೇನು ಕಷ್ಟ? ನಲವತ್ತೆರಡು ಚಿಲ್ಲರೆ ಕಿಲೋಮೀಟರು, ಒಂದೊಂದಕ್ಕೆ ಏಳು ನಿಮಿಷ. ಕಾಗದದ ಮೇಲೆ ನಾನು ಐದು ಗಂಟೆಗೆ ಮುಂಚೆಯೇ ಗುರಿ ಮುಟ್ಟಿ, ಬಾಳೆಹಣ್ಣು ಸುಲಿಯುತ್ತಾ ನಿಂತಿದ್ದೆ.

ಆ ಲೆಕ್ಕದಲ್ಲಿ ಹಾಸನ ಜಿಲ್ಲೆಯ ಜನರನ್ನು ಸೇರಿಸಿರಲಿಲ್ಲ. ನಮ್ಮ ಕಡೆ ತಲೆ ನರೆತವನೊಬ್ಬ ರಸ್ತೆಯಲ್ಲಿ ಓಡುತ್ತಿದ್ದಾನೆಂದರೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಮೊದಲ ದಿನವೇ ದುದ್ದದ ರಸ್ತೆಯಲ್ಲಿ ಹಾಲಿನ ಕ್ಯಾನ್ ಕಟ್ಟಿದ ಬೈಕೊಂದು ನನ್ನ ಪಕ್ಕಕ್ಕೆ ಬಂತು.

“ಯಾಕ್ ಸಾ, ಏನಾಯ್ತು? ಅತ್ಕಳಿ, ಡೇರಿ ತಂಕ ಬುಡ್ತೀನಿ.”

“ಏನಿಲ್ಲಪ್ಪ, ಸುಮ್ನೆ ಓಡ್ತಿದೀನಿ.”

“ಸುಮ್ಕೆ ಯಾರ್ ಓಡ್ತಾರೆ ಸಾ? ಮನೇಲಿ ಎಲ್ಲ ಚೆನ್ನಾಗವ್ರೆ ತಾನೆ?”

ಇಂಥ ಪ್ರಶ್ನೆಗೆ ಏದುಸಿರು ಬಿಡುತ್ತಾ ಉತ್ತರ ಹೇಳಲಾಗದು, ನಿಲ್ಲಲೇಬೇಕು. ನಿಲ್ಲದಿದ್ದರೆ ಏನಾಗುತ್ತದೆಂಬುದನ್ನೂ ನೋಡಿದೆ. ಹೊಳೆನರಸೀಪುರದ ರಸ್ತೆಯಲ್ಲಿ ಭಾವನ ತಂಗಿಯ ಗಂಡ ಟ್ರ್ಯಾಕ್ಟರ್ ನಿಲ್ಲಿಸಿ ಕೈ ಎತ್ತಿದ್ದನ್ನು ಕಂಡೂ ಕೈ ಬೀಸಿ ಮುಂದೆ ಓಡಿಬಿಟ್ಟೆ. ಮಧ್ಯಾಹ್ನದೊಳಗೆ ಅಕ್ಕನ ಫೋನು ಬಂತು. “ಮಾತಾಡುಸ್ದೆ ಓಡ್ಬುಟ್ಯಂತೆ? ಬೀಗರ ಮನೆಯವ್ರು ಕಣೋ, ಏನಂದ್ಕಂಡಾರು?” ಅಲ್ಲಿನ ವರದಿಗಾರ ರಜೆ ಹಾಕಿದ್ದರಿಂದ ಅರಕಲಗೂಡಿಗೆ ನಾನೇ ವರದಿಗೆಂದು ಹೋದಾಗ ಬೆಳಿಗ್ಗೆ ಅಲ್ಲಿಯೂ ಓಡಿದೆ. ಶುಂಠಿ ಬೆಳೆಯುವವರೊಬ್ಬರು ಪೇಪರಿನವನೆಂದು ನನ್ನ ಗುರುತು ಹಿಡಿದು ತಡೆದು, ರೇಟು ಯಾವಾಗ ಏರುತ್ತದೆಂದು ಕೇಳಿದರು. ನನಗೆ ಗೊತ್ತಿಲ್ಲ ಎಂಬುದನ್ನು ಅವರಿಗೆ ಒಪ್ಪಿಸಲು ಹತ್ತು ನಿಮಿಷ ಬೇಕಾಯಿತು.

ಹೀಗಾಗಿ ಯೋಜನೆಯನ್ನು ತಿದ್ದಿದೆ. ಕಿಲೋಮೀಟರಿಗೆ ಏಳು ನಿಮಿಷವೇ, ಆದರೆ ಮಾತು ಸೇರಿ. ಅಂದರೆ ಓಡುವುದನ್ನು ಆರು ನಿಮಿಷದಲ್ಲಿ ಓಡಬೇಕು, ಉಳಿದದ್ದನ್ನು ಕ್ಷೇಮಸಮಾಚಾರಕ್ಕೆ ಖರ್ಚು ಮಾಡಬೇಕು. ತಿಂಗಳುಗಟ್ಟಲೆ ಹಾಗೆಯೇ ಓಡಿದೆ. ಓಡುವುದು, ನಿಲ್ಲುವುದು, ಮಳೆ ಬೆಳೆ ಮಾತಾಡುವುದು, ಮತ್ತೆ ಓಡುವುದು. ಮಾತಿಗೆ ಹೋದ ಹೊತ್ತನ್ನೆಲ್ಲ ನಷ್ಟವೆಂದೇ ಎಣಿಸಿದೆ.

ಮೈಸೂರಿನಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸಾವಿರಾರು ಜನ ಒಟ್ಟಿಗೆ ಓಡುತ್ತಿರುವಾಗ ಯಾರ ಮನೆಯಲ್ಲಿ ಏನಾಯಿತೆಂದು ಯಾರು ಕೇಳುತ್ತಾರೆ? ಏಳರ ವೇಗದಲ್ಲಿ ಹೋಗಬೇಕೆಂದು ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿದ್ದದ್ದು ಆರು ಮಾತ್ರ. ಅರ್ಧ ದಾರಿಯವರೆಗೂ ನನ್ನ ಲೆಕ್ಕಕ್ಕಿಂತ ಎಷ್ಟೋ ಮುಂದಿದ್ದೆ, ಭಾವ ಬೆಳಗಿನ ಬಿಸಿಲಲ್ಲಿ ನಡೆಯುತ್ತಿರುವುದೂ ಕಣ್ಣಿಗೆ ಕಟ್ಟಿತ್ತು. ಮೂವತ್ತು ಕಿಲೋಮೀಟರು ದಾಟುವಷ್ಟರಲ್ಲಿ ತೊಡೆಗಳು ಕಲ್ಲಾದವು. ದುದ್ದದ ರಸ್ತೆಯಲ್ಲಿ ನಾನು ನಷ್ಟವೆಂದು ಬರೆದುಕೊಂಡ ಮಾತುಕತೆಯೇ ನನ್ನನ್ನು ಅಷ್ಟು ದಿನ ಓಡಿಸಿತ್ತೆಂದು ಆಗ ತಿಳಿಯಿತು. ನೀರು ಕೊಡುತ್ತಿದ್ದ ಹುಡುಗಿಯ ಮುಂದೆ ನಿಂತು, “ಯಾವೂರಮ್ಮ ನಿಮ್ದು? ಅಪ್ಪ ಏನ್ ಮಾಡ್ತಾರೆ?” ಎಂದು ನಾನೇ ಮಾತಿಗೆಳೆದೆ. “ನಿಲ್ಬೇಡಿ ಸರ್, ಓಡಿ ಸರ್!” ಎಂದು ಅವಳು ಚಪ್ಪಾಳೆ ತಟ್ಟಿದಳು.

ಮುಗಿಸಿ ಕೂತಿದ್ದಾಗ ಅಕ್ಕನ ಫೋನು ಬಂತು. ವಿಷಯ ಹೇಳಿದೆ. ಅವಳು ದನಿ ತಗ್ಗಿಸಿ, “ಐದ್ ಗಂಟೆಗೆ ಸರ್ಯಾಗ್ ಮುಗೀತು ಅಂದ್ಬುಡೋ. ಮೈಸೂರಲ್ ನಡ್ದಿದ್ದು ಇವ್ರಿಗೇನ್ ಗೊತ್ತಾಯ್ತದೆ? ಕೈ ಮುಗೀತೀನಿ,” ಎಂದಳು. ಭಾವನ ಎದೆಯನ್ನು ಒಂದು ಕಡೆಗೂ ಇಪ್ಪತ್ತಾರು ನಿಮಿಷವನ್ನು ಇನ್ನೊಂದು ಕಡೆಗೂ ಇಟ್ಟು ತೂಗುತ್ತಿದ್ದೆ. ಅಷ್ಟರಲ್ಲಿ ಫೋನು ಭಾವನ ಕೈಗೆ ಹೋಗಿತ್ತು.

“ಎಷ್ಟಾಯ್ತ್ಲಾ?”

“ಐದು ಇಪ್ಪತ್ತಾರು, ಭಾವ.”

ಬಾಯಿಗೆ ಅಂಕಿ ಸರಿಯಾಗಿ ಹೇಳಿ ಅಭ್ಯಾಸವಾಗಿಬಿಟ್ಟಿದೆ. ಆ ಕಡೆ ದೊಡ್ಡ ನಗು ಕೇಳಿಸಿತು. “ಲೇ ಇವ್ಳೆ, ನಿನ್ ತಮ್ಮ ಸೋತ ಕಣೇ!” ಫೋನು ಕಟ್ಟಾಯಿತು.

ಮಾರನೆಯ ದಿನ ಬೆಳಿಗ್ಗೆ ಭಾವ ಕುರ್ಚಿಯಿಂದ ಎದ್ದು, ಎರಡು ಅಂಗಡಿ ಆಚೆಯ ಬಟ್ಟೆ ಅಂಗಡಿಗೆ ಹೋದರಂತೆ, ಬಾಮೈದ ಸೋತದ್ದನ್ನು ಹೇಳುವುದಕ್ಕೆ. ಅಲ್ಲಿಂದ ಔಷಧಿ ಅಂಗಡಿಗೆ, ಅಲ್ಲಿಂದ ಬಸ್‌ಸ್ಟ್ಯಾಂಡಿನ ಹೋಟೆಲಿಗೆ. ಸ್ಕೂಟರಿನ ಕೀಲಿ ಆಸ್ಪತ್ರೆಯಿಂದ ಬಂದಾಗಿನಿಂದ ಅಕ್ಕನ ಬೀರುವಿನಲ್ಲಿದೆ. ಫೋನಿನಲ್ಲೇ ಹೇಳಬಹುದಲ್ಲ ಎಂದು ಅಕ್ಕ ಅಂದದ್ದಕ್ಕೆ, “ಇಂತಾ ಸುದ್ದಿಯ ಮಕ ನೋಡ್ಕಂಡ್ ಏಳ್ಬೇಕು ಕಣೇ,” ಎಂದರಂತೆ. ಈಗ ಚನ್ನರಾಯಪಟ್ಟಣದಲ್ಲಿ ನಾನು ಏಳು ಗಂಟೆ ತೆಗೆದುಕೊಂಡವನು. ಕೊನೆಯ ಭಾಗವನ್ನು ಆಟೋದಲ್ಲಿ ಮುಗಿಸಿದವನು. ತಿದ್ದುಪಡಿ ಕೊಡಲೇಬೇಕು ಎಂದೆ. “ಬಾಯ್ ಮುಚ್ಕಂಡ್ ಇರು,” ಎಂದಳು ಅಕ್ಕ.

ನಿನ್ನೆ ಸಂಜೆ ಫೋನ್ ಮಾಡಿದಾಗ ಭಾವ ಮನೆಯಲ್ಲಿರಲಿಲ್ಲ. ಶ್ರವಣಬೆಳಗೊಳ ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟವರು ಮಗಳ ಊರಿನಿಂದ ವಾಪಸ್ ಬಂದಿದ್ದಾರಂತೆ, ಅವರಿಗಿನ್ನೂ ಸುದ್ದಿ ಮುಟ್ಟಿಲ್ಲವೆಂದು ಅಲ್ಲಿಯವರೆಗೆ ಹೋಗಿದ್ದರು.