ಸೀಟಿನ ಕೆಳಗಿನ ಡಬ್ಬ

ಕರಿಬಸಪ್ಪ ಮಾಸ್ತರರು ಅಳಿಯ ಶಿವಕಾಂತನಿಗೆ ಮೂರು ಕೊಟ್ಟಿದ್ದರು: ಮಗಳು ರಾಜಶ್ರೀ, ಒಂದು ಉಂಗುರ, ಮತ್ತು ಉಪದೇಶ. ಮೊದಲೆರಡನ್ನು ಮದುವೆಯ ದಿನವೇ ಕೊಟ್ಟು ಕೈತೊಳೆದುಕೊಂಡರು. ಮೂರನೆಯದನ್ನು ಇನ್ನೂ ಕೊಡುತ್ತಲೇ ಇದ್ದಾರೆ. ನಿವೃತ್ತರಾದ ಮೇಲೆ ಅವರ ಕೈಗೆ ಉಳಿದ ಏಕೈಕ ವಿದ್ಯಾರ್ಥಿ ಶಿವಕಾಂತ. ಪಾಠವೂ ಒಂದೇ: ಸಾಲಗುಂದದ ವರ. ರಾಜಶ್ರೀಯನ್ನು ಮೊದಲು ಕೇಳಿಕೊಂಡು ಬಂದಿದ್ದ ಆ ಮಹಾನುಭಾವನಿಗೆ ಈಗ ರೈಸ್ ಮಿಲ್ ಇದೆ, ಜೆಸಿಬಿ ಇದೆ, ತಲೆತುಂಬ ಕೂದಲೂ ಇದೆ. ಶಿವಕಾಂತನಿಗೆ ಮಸ್ಕಿಯಲ್ಲಿ ಒಂದು ಗೊಬ್ಬರದ ಅಂಗಡಿಯಿದೆ.

ಅವನ ಬಳಿ ಒಂದು ಸೆಕೆಂಡ್ ಹ್ಯಾಂಡ್ ಕಾರೂ ಇತ್ತು. ಅದರ ಇಂಜಿನ್ನಿನ ಬಗ್ಗೆ ಮಾತಾಡದಿರುವುದೇ ಲೇಸು. ಆದರೆ ಹಿಂದಿನ ಮಾಲೀಕ ಯಾರೋ ರಸಿಕ, ಮುಂದಿನ ಎಡ ಸೀಟಿನ ಕೆಳಗೆ ದೊಡ್ಡದೊಂದು ಆಂಪ್ಲಿಫೈಯರ್ ಕೂಡಿಸಿದ್ದ. ಹಾಡು ಹಾಕಿ ವಾಲ್ಯೂಮ್ ತಿರುವಿದರೆ, ಆ ಸೀಟಿನಲ್ಲಿ ಕೂತ ಮಾವನ ತುಟಿ ಆಡುವುದಷ್ಟೇ ಕಾಣಿಸುತ್ತಿತ್ತು. ಶಿವಕಾಂತ ಆಗಾಗ ತಲೆಯಾಡಿಸುತ್ತ ಪರಮಸುಖದಲ್ಲಿ ಓಡಿಸುತ್ತಿದ್ದ. ಒಳ್ಳೆಯ ಅಳಿಯ ಎಂದು ಹೆಸರೂ ಬಂದಿತ್ತು.

ಅಂಥ ಆಂಪ್ಲಿಫೈಯರ್ ಇವತ್ತು ಬೆಳಿಗ್ಗೆ ಸತ್ತಿತ್ತು. ಮಧ್ಯಾಹ್ನ ಸಿಂಧನೂರಿಗೆ ಹೋಗಿ, ತವರಲ್ಲಿದ್ದ ಹೆಂಡತಿಯನ್ನೂ ಮಾವನನ್ನೂ ಹತ್ತಿಸಿಕೊಂಡು, ಮತ್ತೆ ಮಸ್ಕಿ ದಾಟಿ ಲಿಂಗಸುಗೂರಿನ ನೆಂಟರ ಮನೆಗೆ, ಬಸುರಿಗೆ ಮಾಡುವ ಕುಬಸಕ್ಕೆ ಹೋಗಬೇಕಿತ್ತು. ಅಷ್ಟು ದೂರದ ದಾರಿ, ಪಕ್ಕದಲ್ಲಿ ಮಾವ, ಹಾಡಿಲ್ಲ. ಶಿವಕಾಂತನಿಗೆ ಚಳಿಜ್ವರ ಬಂದಂತಾಯಿತು. "ಕಾರಿನ ಸೌಂಡ್ ಹೋಗೈತಿ, ಬರೋದು ತಡಾ ಆಗ್ತದ" ಎಂದು ರಾಜಶ್ರೀಗೆ ಫೋನಿನಲ್ಲಿ ಹೇಳಿ ಕಾರಿಗೆ ಹಾಡಿನ ಡೆಕ್ಕು ಕೂಡಿಸುವ ಅಂಗಡಿಗೆ ಓಡಿದ.

ಅಂಗಡಿಯ ಹುಸೇನಬಾಷಾ ಅತ್ತರು ಹಚ್ಚಿಕೊಂಡು ಬೀಗ ಹಾಕುತ್ತಿದ್ದ. ಹೊಸ ಆಂಪ್ಲಿಫೈಯರನ್ನೇನೋ ಕೊಟ್ಟ. "ಕೂಡ್ಸಾಕ ಇವತ್ತ ಆಗಂಗಿಲ್ಲಣ್ಣ, ತಮ್ಮನ ಮದುವಿ ಐತಿ. ನಾಳೆ ಬಾ."

"ನಾಳೆ ತಗೊಂಡು ಏನ್ ಮಾಡ್ಲಿ? ಮಾವ ಇವತ್ತ ಅದಾರ!"

ಫೋನಿನಲ್ಲಿ ವಿಡಿಯೋ ನೋಡಿ ಜನ ವಿಮಾನವನ್ನೇ ಕಟ್ಟುವ ಕಾಲ. ಶಿವಕಾಂತನೂ ಮನೆಯ ಮುಂದೆ ಕಾರು ನಿಲ್ಲಿಸಿ, ವಿಡಿಯೋ ಹೇಳಿದಂತೆ ಬ್ಯಾಟರಿ ತಂತಿ ಕಳಚಿ, ಸೀಟು ಬಿಚ್ಚಿ ಅಂಗಳಕ್ಕಿಟ್ಟ. 'ತಂತಿ ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳಿ' ಎಂದಿತು ವಿಡಿಯೋ. ಎಲ್ಲ ತಂತಿಗೂ ಆ ರಸಿಕ ಮಾಲೀಕ ಒಂದೇ ಕರಿ ಟೇಪು ಸುತ್ತಿದ್ದ. ಶಿವಕಾಂತ ದೇವರ ಜಗಲಿಗೆ ಹೋಗಿ ಬಂದು ಕರೆಂಟಿನ ತಂತಿಗೆ ಕುಂಕುಮ, ಸ್ಪೀಕರಿನವಕ್ಕೆ ಅರಿಶಿನ, ಉಳಿದವಕ್ಕೆ ವಿಭೂತಿ ಹಚ್ಚಿದ. ಹಳೆಯ ಡಬ್ಬ ಕಳಚಿ, ತನ್ನ ಬುದ್ಧಿಗೆ ತಾನೇ ಮೆಚ್ಚಿ, ನೀರು ಕುಡಿಯಲು ಒಳಗೆ ಹೋದ.

ಹೊರಗೆ ಬಂದಾಗ ಓಣಿಯ ಹಿರಿಯಳು ಆದಮ್ಮ ಕಾರಿನ ಹೊಸ್ತಿಲಿಗೆ ಟಪ್ಪೆಂದು ತೆಂಗಿನಕಾಯಿ ಒಡೆದು, ಕಾಯಿಯ ನೀರನ್ನು ತಂತಿಗಳಿಗೆಲ್ಲ ಭಕ್ತಿಯಿಂದ ಪ್ರೋಕ್ಷಿಸಿ, ಸೆರಗಿನಿಂದ ಒರೆಸುತ್ತಿದ್ದಳು.

"ಪೂಜಿ ಮಾಡಾಕತ್ತೀದಿ, ಓಣ್ಯಾಗ ಒಂದ್ ಮಾತ ಹೇಳಬಾರದೇನಪಾ? ಕಾಯಿ ಒಡೀಲಾರ್ದ ಪೂಜಿ ಮುಟ್ಟತೈತೇನು?"

"ಅಯ್ಯೋ ಯವ್ವಾ, ಅದು ಪೂಜಿ ಅಲ್ಲ, ಗುರುತು!"

"ದೇವರಿಗೆ ಎಲ್ಲಾ ಗುರುತೈತಿ ಬಿಡು. ತಗೋ, ಪ್ರಸಾದ."

ತಂತಿಗಳು ಎಣ್ಣೆನೀರು ಎರೆದುಕೊಂಡು ಬಂದ ಮದುಮಕ್ಕಳಂತೆ ಲಕಲಕ ಹೊಳೆಯುತ್ತಿದ್ದವು. ಯಾವುದು ಯಾವುದೆಂದು ಪರಶಿವನೇ ಬಲ್ಲ. ಕಾಯಿಯ ಸದ್ದಿಗೆ ಎದುರುಮನೆಯ ದಾವಲ್‌ಸಾಬ್ ಕೂಡ ಎದ್ದು ಬಂದ. ಬೋರಿನ ಮೋಟಾರ್ ಸುತ್ತುವುದರಲ್ಲಿ ಅವನ ಆಯುಷ್ಯ ಕಳೆದಿತ್ತು.

"ಫಿಕರ್ ಮಾಡಬ್ಯಾಡ. ಇದೇನು, ಮೋಟಾರಿನ ಮೊಮ್ಮಗ ಇದು" ಎಂದವನೇ ಬ್ಯಾಟರಿ ತಂತಿಯನ್ನು ಮತ್ತೆ ಸಿಕ್ಕಿಸಿದ.

"ವಿಡಿಯೋದಾಗ ಅದನ್ನ ತಗೀರಿ ಅಂದಾರಲ್ಲೋ ಕಾಕಾ!"

"ಕರೆಂಟ್ ಇಲ್ದ ಕರೆಂಟಿನ ತಂತಿ ಹೆಂಗ ಹುಡುಕ್ತೀ? ಅಕಲ್ ಬ್ಯಾಡೇನು?" ಎಂದು ಒಂದು ತಂತಿ ಹಿಡಿದು ಕಾರಿನ ಮೈಗೆ ತಾಗಿಸಿದ. ಚಟಾರೆಂದು ಕಿಡಿ ಹಾರಿತು. ಆದಮ್ಮ ಶಿವಶಿವಾ ಎಂದು ಹಿಂದೆ ಸರಿದಳು. "ನೋಡು, ಇದೇ ಕರೆಂಟಿಂದು" ಎಂದ ದಾವಲ್‌ಸಾಬ್, ವಿಜಯದ ನಗೆಯಿಂದ. ಆ ತಂತಿಯ ಫ್ಯೂಸ್ ಸುಟ್ಟು ಬೂದಿಯಾಗಿತ್ತು.

ಹುಸೇನಬಾಷಾ ಮದುವೆಯ ಬಿರಿಯಾನಿ ಉಣ್ಣುತ್ತಿದ್ದ ಹೊತ್ತು ಅದು, ಫ್ಯೂಸ್ ಎಲ್ಲಿಂದ ತರಬೇಕು? ದಾವಲ್‌ಸಾಬ್ ಯೋಚನೆಯನ್ನೇ ಮಾಡದೆ ಹಾರ್ನಿನ ಫ್ಯೂಸ್ ಕಿತ್ತು ಇದಕ್ಕೆ ಹಾಕಿದ. "ಹಾರ್ನ್ ಇಲ್ದ ಹೋಗಬಹುದು. ಹಾಡಿಲ್ದ ನಿಮ್ಮ ಮಾವನ ಕೂಡ ಹೋಗಾಕ ಆಗ್ತದೇನು?"

ಆ ದಿನ ಶಿವಕಾಂತ ಕೇಳಿದ ಮೊದಲ ವಿವೇಕದ ಮಾತು ಅದೇ. ಮೈಯೆಲ್ಲ ಗ್ರೀಸಾಗಿ, ಬೆರಳು ತರಚಿ, ಒಂದೊಂದೇ ತಂತಿಯನ್ನು ಅಲ್ಲಿ ಇಲ್ಲಿ ಸಿಕ್ಕಿಸಿ ನೋಡುತ್ತ ಹೋದ. ನಡುವೆ ಫೋನು ಎಷ್ಟೋ ಸಲ ಬಡಿದುಕೊಂಡಿತು. ಎತ್ತಲು ಕೈ ಖಾಲಿ ಇರಲಿಲ್ಲ. ಕೊನೆಗೊಮ್ಮೆ ಧಡ್ ಎಂದು ಹಾಡು ಶುರುವಾಗಿ ಓಣಿಯ ನಾಯಿಗಳೆಲ್ಲ ದಿಕ್ಕಾಪಾಲಾದಾಗ, ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಸೀಟು ಕೂಡಿಸಿದ ಮೇಲೆ ಎರಡು ಬೋಲ್ಟು ಮಿಕ್ಕಿದವು. ಅವನ್ನು ಜೇಬಿಗೆ ಹಾಕಿಕೊಂಡು ಹೊರಟ.

ಹಾರ್ನಿಲ್ಲದ ಕಾರಿಗೆ ಕುರಿಹಿಂಡೂ ಭತ್ತದ ಟ್ರ್ಯಾಕ್ಟರೂ ಕವಡೆ ಕಿಮ್ಮತ್ತು ಕೊಡಲಿಲ್ಲ. ಕಿಟಕಿ ಇಳಿಸಿ ಹಾಡು ಜೋರು ಮಾಡಿ, ಕೈಬೀಸಿ, ಬೈಸಿಕೊಂಡು, ಹೇಗೋ ಸಿಂಧನೂರು ಮುಟ್ಟಿದ.

ಮಾವ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅಳಿಯನನ್ನು ಕಂಡು ಬಾಯಿ ತೆರೆದರು. ಏನೂ ಹೊರಡಲಿಲ್ಲ.

"ಅಪ್ಪಾರ ಗಂಟಲಾ ಪೂರಾ ಕಟ್ಟೈತಿ. ವಾರದ ತನಕ ಒಂದ್ ಮಾತೂ ಆಡಬ್ಯಾಡ್ರಿ ಅಂದಾರ ಡಾಕ್ಟರು" ಎಂದಳು ರಾಜಶ್ರೀ. "ಹೇಳೂಣಂತ ಎಷ್ಟ್ ಸಲ ಫೋನ್ ಮಾಡಿದೆ, ಎತ್ತಿದ್ರೇನು ನೀವು?"

ಬೆಳಗಿನಿಂದ ಪಟ್ಟ ಪಾಡು ನೆನೆದು ಶಿವಕಾಂತನಿಗೆ ಅಳು ಬಂತು. ಮರುಕ್ಷಣವೇ ಅದಕ್ಕಿಂತ ದೊಡ್ಡ ನಗು ಬಂತು. "ಅಯ್ಯ ಪಾಪ, ಹಂಗಾಗಬಾರದಿತ್ತು" ಎಂದು ಮಾವನನ್ನು ಮಗುವಿನಂತೆ ಹಿಡಿದು ಮುಂದೆ ಕೂರಿಸಿದ. ಸೀಟು ಸ್ವಲ್ಪ ತೂಗಾಡಿತು. ಹಾಡನ್ನೂ ಆರಿಸಿದ. ಲಗ್ನವಾದಾಗಿನಿಂದ ಮೊದಲ ಬಾರಿಗೆ ಮಾವ ಪಕ್ಕದಲ್ಲಿದ್ದೂ ಕಾರಿನೊಳಗೆ ನಿಶ್ಶಬ್ದ. ಊರು ದಾಟಿತು, ಎರಡೂ ಕಡೆ ಹಸಿರು ಗದ್ದೆ, ತಂಪು ಗಾಳಿ. ಇದಕ್ಕಿಂತ ಸ್ವರ್ಗ ಬೇರಿಲ್ಲ ಎಂದುಕೊಂಡ.

ಆಗ ಮಾವ ಅವನ ಭುಜ ತಟ್ಟಿ, ಡೆಕ್ಕನ್ನು ತೋರಿಸಿ, ತಮ್ಮ ಫೋನಿನಲ್ಲಿ ಏನೋ ಬರೆದು ಅದನ್ನು ಹಿಂದೆ ಮಗಳಿಗೆ ದಾಟಿಸಿದರು.

"ಬ್ಲೂಟೂತ್ ಹಚ್ಚು ಅನ್ನಾಕತ್ಯಾರ" ಎಂದಳು ರಾಜಶ್ರೀ. "ಅಪ್ಪಾರು ಇಷ್ಟ ದಿನ ಮನಿ ಗ್ರೂಪಿಗೆ ಕಳಿಸಿದ ವಾಯ್ಸ್ ಮೆಸೇಜು ನೀವೊಂದೂ ತಗದು ಕೇಳಿಲ್ಲಂತ. ಇವತ್ತ ಎಲ್ಲಾ ಕೇಳಸ್ತಾರಂತ. ಫೋನಿನ ಸ್ಪೀಕರ್ ಕೆಟ್ಟೈತಿ, ಕಾರಿಂದೂ ಹೋಗೈತಿ ಅಂತ ಮುಂಜಾನಿಂದ ಎಷ್ಟ್ ಚಿಂತಿ ಮಾಡಿದ್ರು ಗೊತ್ತೇನು? ನೀವು ರಿಪೇರಿ ಮಾಡಿಕೊಂಡು ಬಂದದ್ದು ಭಾಳ ಚಲೋ ಆತು ನೋಡ್ರೀ."

ಮಾವ ಡೆಕ್ಕಿನ ಗುಂಡಿ ಒತ್ತಿ, ರಾಜಶ್ರೀ ಫೋನು ಜೋಡಿಸುತ್ತಿದ್ದಂತೆ ನಾಲ್ಕೂ ಬಾಗಿಲಿನಿಂದ, ಬೆನ್ನ ಹಿಂದಿನಿಂದ, ಕಾಲ ಕೆಳಗಿನಿಂದ ಮಾವನ ದನಿ ಗುಡುಗಿತು: "ಶಿವಕಾಂತಾ, ಕೇಳು! ಸಾಲಗುಂದದ ಹುಡುಗ ಹೊಸಾ ಮಿಲ್ ಹಾಕ್ಯಾನ..."

ಗಾಜುಗಳು ನಡುಗಿದವು. ತೂಗಾಡುವ ಸೀಟಿನಲ್ಲಿ ಮಾವ ತಮ್ಮ ಮಾತಿಗೆ ತಾವೇ ತಲೆದೂಗುತ್ತ ಕೂತಿದ್ದರು. ಶಿವಕಾಂತ ಮೆಲ್ಲಗೆ ವಾಲ್ಯೂಮಿನ ಕಡೆ ಕೈ ಚಾಚಿದ.

"ಹೂಂ, ಹೆಚ್ಚು ಮಾಡ್ರೀ" ಎಂದಳು ಹಿಂದಿನಿಂದ ರಾಜಶ್ರೀ. "ಇಲ್ಲಿ ಸರಿಯಾಗಿ ಕೇಳವಲ್ದು."