ನಾಳಿಂದ ಬರಬ್ಯಾಡ

ನಮ್ಮ ಭಾಗದಲ್ಲಿ ಅತಿ ಹೆಚ್ಚು ಸಲ ಆಳುಗಳನ್ನು ಕೆಲಸದಿಂದ ತೆಗೆದ ಮಾಲೀಕ ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ನನ್ನ ಸೋದರಮಾವನನ್ನು ತೋರಿಸುತ್ತೇನೆ. ತೆಗೆದವರೆಲ್ಲ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತಿದ್ದರು ಎಂಬುದು ಬೇರೆ ಮಾತು!

ಕಾಲುವೆಗೆ ನೀರು ಬಂದು ಶಹಾಪುರದ ಸುತ್ತ ಜೋಳದ ಹೊಲಗಳೆಲ್ಲ ಗದ್ದೆಗಳಾದ ಕಾಲಕ್ಕೆ ಮಾವ ಅಕ್ಕಿ ಗಿರಣಿ ಹಾಕಿದ. ಗಿರಣಿಯ ಒಳಗೆ ಅವನು ಕೂತದ್ದು ಕಡಿಮೆ. ಹಿಂದಿನ ಕಾಲುವೆ ದಂಡೆಯ ಬೇವಿನ ಗಿಡದ ಕೆಳಗೆ ಹೊರಸು ಹಾಕಿಸಿಕೊಂಡು, ನೀರಿನ ಮೇಲೆ ತೇಲಿಹೋಗುವ ಹೊಟ್ಟನ್ನು ನೋಡುತ್ತ ಮಲಗಿರುತ್ತಿದ್ದ. ಈ ನೀರು ಎಲ್ಲಿಂದ ಹೊರಟಿತು, ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಯೋಚಿಸುತ್ತ ಅರ್ಧ ನಿದ್ದೆ, ಅರ್ಧ ಎಚ್ಚರ. ನಡುವೆ ಚಹಾದ ನೆನಪಾದರೆ ಯಾರನ್ನಾದರೂ ಕೂಗುವುದು. ಅವರು ತಡ ಮಾಡಿದರೆ "ನಾಳಿಂದ ಬರಬ್ಯಾಡ" ಎನ್ನುವುದು. ಮತ್ತೆ ನೀರು ನೋಡುವುದು. ಸಂಜೆಗೆ ಯಾರನ್ನು ತೆಗೆದೆ ಎಂಬುದು ಅವನಿಗೇ ನೆನಪಿರಬೇಕಲ್ಲ?

ಎಲ್ಲರಿಗಿಂತ ಹೆಚ್ಚು ಸಲ ಕೆಲಸ ಕಳೆದುಕೊಂಡವನು ಸಗರದಿಂದ ಬರುತ್ತಿದ್ದ ಯಂತ್ರದ ಮಿಸ್ತ್ರಿ. ಮಾವ ಎಷ್ಟು ಕೂಗಿದರೂ ಅವನು ಓಗೊಡುತ್ತಿರಲಿಲ್ಲ. ಎದುರಿಗೆ ನಿಂತು ಬೈದರೆ ಆಶೀರ್ವಾದ ಪಡೆದವನಂತೆ ನಗುತ್ತಿದ್ದ. ಒಮ್ಮೆ ರಾಯಚೂರಿನ ವ್ಯಾಪಾರಿಯೊಬ್ಬರ ಮುಂದೆಯೇ ಹೀಗಾಯಿತು. ಮಾವನಿಗೆ ಅವಮಾನ ತಡೆಯಲಾಗಲಿಲ್ಲ. ಈ ಸಲ ಖಾಯಂ ಆಗಿ ತೆಗೆಯುವುದೇ ಎಂದು, ಸಾಲಿ ಮಾಸ್ತರನಾದ ನನ್ನನ್ನೂ ಎಳೆದುಕೊಂಡು ಸುರಪುರದ ವಕೀಲರಲ್ಲಿಗೆ ಬಸ್ಸು ಹತ್ತಿದ.

ವಕೀಲರು ಸಮಾಧಾನದಿಂದ ತಿಳಿಸಿದರು: ಬಾಯಿಮಾತಿನಲ್ಲಿ ಯಾರನ್ನೂ ತೆಗೆಯುವಂತಿಲ್ಲ, ತಪ್ಪೇನೆಂದು ಬರೆದು ಕೊಡಬೇಕು, ಅವನ ಮಾತನ್ನೂ ಕೇಳಬೇಕು, ದೂರು ಹೇಳುವವನೇ ತೀರ್ಪು ಕೊಡಬಾರದು. ಮಾವ ಕನಸಿನಿಂದ ಎದ್ದವನಂತೆ ಕಣ್ಣು ಬಿಟ್ಟ.

"ಹಂಗಾದ್ರ ಇಷ್ಟು ವರ್ಷ ನಾ ತೆಗದದ್ದು?"

"ಅದು ತೆಗದಂಗ ಅಲ್ಲರಿ. ಅವರು ಮರುದಿನ ಬಂದದ್ದ ಕಾಯ್ದೆ ಪ್ರಕಾರ ಸರಿ ಅದ."

ಹೀಗೆ ವಾರದ ರಜೆಯ ದಿನ ಗಿರಣಿಯಲ್ಲಿ ವಿಚಾರಣೆ ಏರ್ಪಟ್ಟಿತು. ನ್ಯಾಯಾಧೀಶ ನಾನೇ! ಯಂತ್ರಗಳು ನಿಂತಿದ್ದವು, ಆಳುಗಳೆಲ್ಲ ಸುತ್ತ ಕೂತಿದ್ದರು. ತಗಡಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಹೊಟ್ಟಿನ ಧೂಳು ಮೆಲ್ಲಗೆ ತೇಲುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ಆರೋಪ ಓದಿದೆ. ಮಿಸ್ತ್ರಿ ನಕ್ಕ. ಮತ್ತೆ ಓದಿದೆ. ನನ್ನ ತುಟಿಗಳನ್ನೇ ನೋಡುತ್ತ ಮತ್ತೆ ನಕ್ಕ. ಹೊಟ್ಟು ಗುಡಿಸುವ ಹೆಂಗಸು ತಡೆಯಲಾರದೆ ಎದ್ದು ನಿಂತಳು.

"ಅವಂಗ ಕೇಳಂಗಿಲ್ಲರಿ. ಮಿಷನ್ ಸಪ್ಪಳಕ್ಕ ಕಿವಿ ಹೋಗ್ಯಾವ. ನಮಗೆಲ್ಲ ಗೊತ್ತದ."

ಮಾಲೀಕನಿಗೆ ಮಾತ್ರ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಮಾವ ಕೇಳಿದ. ಆಕೆ ಅದನ್ನು ಕೈಸನ್ನೆಯಲ್ಲಿ ಮಿಸ್ತ್ರಿಗೆ ದಾಟಿಸಿದಳು. ಅವನು ತಲೆ ತಗ್ಗಿಸಿ ಹೇಳಿದ: "ಗೊತ್ತಾದ್ರ ಕೆಲಸದಿಂದ ತೆಗಿತೀರಿ ಅಂತ ಅಂಜಿದ್ದೆರಿ."

ದಿನಾ ತೆಗೆಸಿಕೊಂಡವನಿಗೆ ಇದ್ದ ಭಯ ಅದೊಂದೇ! ಅಷ್ಟು ವರ್ಷ ತನ್ನನ್ನು ತೆಗೆಯುತ್ತಿದ್ದಾರೆ ಎಂಬುದೇ ಅವನಿಗೆ ಕೇಳಿಸಿರಲಿಲ್ಲ.

ವಕೀಲರನ್ನು ಮತ್ತೆ ಕೇಳಿದಾಗ, ಕೆಲಸದಿಂದ ಬಂದ ಬೇನೆಗೆ ಗಿರಣಿಯೇ ಹೊಣೆ, ಪರಿಹಾರ ಕೊಡಬೇಕು ಎಂದರು. ಮಾವ ಕಾಯ್ದೆ ಹೇಳಿದ್ದಕ್ಕೂ ಮುಂದೆ ಹೋದ. ತಾನೇ ಮಿಸ್ತ್ರಿಯನ್ನು ಕಲಬುರ್ಗಿಯ ಡಾಕ್ಟರರಿಗೆ ತೋರಿಸಿ ಕಿವಿಗೆ ಯಂತ್ರ ಹಾಕಿಸಿದ, ಸಪ್ಪಳವಿಲ್ಲದ ಗೋದಾಮಿನ ಕೆಲಸ ಕೊಟ್ಟ. ಉಳಿದವರಿಗೆಲ್ಲ ಸಪ್ಪಳ ತಡೆಯುವ ಕಿವಿಮುಚ್ಚುಗೆ ತಂದು ಹಂಚಿದ. ಪರಿಣಾಮವೇನು? ಈಗ ಮಾವ "ನಾಳಿಂದ ಬರಬ್ಯಾಡ" ಎಂದರೆ ಗಿರಣಿಯಲ್ಲಿ ಒಬ್ಬರಿಗೂ ಕೇಳಿಸುವುದಿಲ್ಲ!

ಕಿವಿಯ ಯಂತ್ರ ಹಾಕಿಕೊಂಡು ಒಂದು ರಾತ್ರಿ ಮನೆಯಲ್ಲಿ ಕಳೆದು ಬಂದ ಮಿಸ್ತ್ರಿ ಮರುದಿನ ಮಧ್ಯಾಹ್ನ ದಂಡೆಯ ಮೇಲೆ ಸುಮ್ಮನೆ ನಿಂತಿದ್ದ. ನಾನೂ ಅಲ್ಲೇ ಇದ್ದೆ. ಚೆನ್ನಾಗಿ ಕೇಳಿಸುತ್ತದೆಯೇ ಎಂದು ಮಾವ ವಿಚಾರಿಸಿದ. ಕೇಳಿಸುತ್ತದೆ ಎಂದು ತಲೆಯಾಡಿಸಿ, ಸ್ವಲ್ಪ ಹೊತ್ತು ನೀರು ನೋಡಿ ಅವನೆಂದ:

"ಮನ್ಯಾಗ ಹೆಂಡ್ತಿ ಕರದಳರಿ. ಯಾರೋ ಮುದುಕಿ ಬಂದಾಳ ಅಂದ್ಕೊಂಡೆ. ನನ್ನ ಕಿವ್ಯಾಗ ಇನ್ನೂ ಅಕಿ ಹರೇದ ಧ್ವನಿನೇ ಇತ್ತು, ಸಾವ್ಕಾರ್ರ."

ಮಾವ ಎದ್ದು ಕೂತ. ಆಮೇಲೆ ಹೊರಸಿನ ಮೇಲೆ ಒಂದು ಕಡೆ ಸರಿದು, ಅವನಿಗೆ ಕೂಡಲು ಜಾಗ ಮಾಡಿಕೊಟ್ಟ.