ಮನೆಯಾಕೆಯ ಮಂಡಿಗೆ ವಿಮೆ ಹುಡುಕಿದ್ದು

ವಯಸ್ಸಾದವರಿಗೆ ಆರೋಗ್ಯ ವಿಮೆ ಮಾರುವವರ ಹತ್ತಿರ ಹೋದರೆ ಕಾಯಿಲೆ ವಾಸಿಯಾಗುತ್ತದೋ ಇಲ್ಲವೋ, ಹೊಟ್ಟೆ ಹುಣ್ಣಾಗುವಷ್ಟು ನಗು ಮಾತ್ರ ಗ್ಯಾರಂಟಿ ಎಂದು ನನಗೆ ಮೊದಲು ಹೇಳಿದವರು ನಮ್ಮ ಬೀಗರು, ಜಗಳೂರಿನ ಓಂಕಾರಪ್ಪನವರು. ಕುರಿ ಸಾಕಿ ಬಾಳಿದವರು, ಮಾತು ಸ್ವಲ್ಪ ಜೋರು. ಒಂದಕ್ಕೆ ನಾಲ್ಕು ಸೇರಿಸಿ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಆ ಪಾಡು ನನ್ನ ಮನೆಗೇ ಬಂದಾಗ ಗೊತ್ತಾಯಿತು, ಅವರು ಕಡಿಮೆಯೇ ಹೇಳಿದ್ದರು. ಇಂಥವು ಒಮ್ಮೆ ಶುರುವಾದರೆ ಒಂದರ ಬೆನ್ನಿಗೆ ಒಂದು ಆಗುತ್ತಲೇ ಇರುತ್ತವೆ.

ನಮ್ಮದು ನ್ಯಾಮತಿ ಪಕ್ಕದ ಹಳ್ಳಿ. ನನ್ನ ಮನೆಯಾಕೆಗೆ ಅರವತ್ತಾರು. ಬಲಮಂಡಿ ಸವೆದಿದೆ, ಬದಲಿಸಲೇಬೇಕು ಎಂದು ದಾವಣಗೆರೆಯ ಡಾಕ್ಟರು ಹೇಳಿಬಿಟ್ಟರು. ಸೋಮವಾರ ತಪ್ಪಿಸದೆ ಗುಡ್ಡದ ಗುಡಿಗೆ ಹೋಗುತ್ತಿದ್ದ ಹೆಂಗಸು ಈಗ ಕೆಳಗಿನ ಕಟ್ಟೆಯ ಮೇಲೆ ಕೂತು ಕಾಯಿ ನನ್ನ ಕೈಗೆ ಕೊಡುತ್ತಾಳೆ. "ನೀವು ಹೋಗಿ ಬರ್ರಿ, ನಾನು ಚಪ್ಪಲಿ ಕಾಯ್ತೀನಿ" ಎನ್ನುತ್ತಾಳೆ. ನಗುತ್ತಲೇ ಹೇಳುತ್ತಾಳೆ, ಆದರೆ ಮುಖ ಆಕಡೆ ತಿರುಗಿಸಿರುತ್ತಾಳೆ. ಆಕೆ ಮತ್ತೆ ಆ ಮೆಟ್ಟಿಲು ಹತ್ತಬೇಕು, ನನಗೆ ಬೇಕಾದದ್ದು ಅಷ್ಟೇ. ಖಾಸಗಿ ಆಸ್ಪತ್ರೆಯ ಖರ್ಚು ನಮ್ಮ ಕೈಗೆ ಎಟುಕುವಂತಿರಲಿಲ್ಲ. ವಿಮೆ ಮಾಡಿಸೋಣ, ಆದರೆ ನಾಲ್ಕು ಕಡೆ ವಿಚಾರಿಸಿಯೇ ಮಾಡಿಸೋಣ ಎಂದು ಹೊರಟೆವು.

೧. ಬಂಗಾರ, ಬೆಳ್ಳಿ

ಮೊದಲು ಚನ್ನಗಿರಿ. ಅಲ್ಲಿಯ ಏಜೆಂಟ್ ಅಂಥ ಬಿಸಿಲಿನಲ್ಲೂ ಟೈ ಕಟ್ಟಿದ್ದ. ಮೂರು ಬಣ್ಣದ ಹಾಳೆ ಹರಡಿ, "ಸಿಲ್ವರ್ ಐತೆ, ಗೋಲ್ಡ್ ಐತೆ, ಪ್ಲಾಟಿನಂ ಐತೆ. ಅಮ್ಮಾರಿಗೆ ಯಾವುದು ಕೊಡ್ಲಿ?" ಎಂದ.

ಮನೆಯಾಕೆ ಹಾಳೆ ಮುಟ್ಟಲಿಲ್ಲ. "ನಾವು ಬಂದಿದ್ದು ಮಂಡಿಗೆ ತಮ್ಮಾ, ಕೊರಳಿಗಲ್ಲ" ಎಂದಳು.

ಅವನು ಹಲ್ಲು ಬಿಟ್ಟು ವಯಸ್ಸು ಕೇಳಿದ. ಅರವತ್ತಾರು ಎಂದ ಕೂಡಲೇ ಮೂರೂ ಹಾಳೆ ಮಡಚಿಕೊಂಡ.

"ಅಯ್ಯೋ, ಇವೆಲ್ಲಕ್ಕೂ ಅರವತ್ತೈದೇ ಕೊನೆ ಅಮ್ಮಾ. ಹೋದ ವರ್ಷ ಬರಬೇಕಿತ್ತು."

"ಹೋದ ವರ್ಷ ನಾನು ಗುಡ್ಡ ಹತ್ತುತಿದ್ದೆ ಕಣಪ್ಪಾ."

"ಹತ್ತುವಾಗಲೇ ಬರಬೇಕು. ನೋವು ಬಂದ ಮೇಲೆ ಕೊಡಾಕೆ ಆಗಲ್ಲ."

"ನೋವಿಲ್ಲದಾಗ ನಿನ್ನ ಹತ್ರ ಯಾರು ಬರ್ತಾರಪ್ಪಾ?"

ಅವನು ಟೈ ಸರಿಮಾಡಿಕೊಂಡು ಬಹಳ ಗಂಭೀರವಾಗಿ ಹೇಳಿದ: "ನೋವಿಲ್ಲದೋರು ಬಂದು ಕಟ್ತಾರೆ ಅಮ್ಮಾ, ನೋವಿರೋರಿಗೆ ನಾವು ಕೊಡಲ್ಲ. ಅದಕ್ಕೇ ನಮ್ಮ ಕಂಪನಿ ಲಾಭದಾಗೈತೆ!"

೨. ಜಗಲಿಯ ಲೆಕ್ಕ

ಹೊನ್ನಾಳಿಗೆ ಹೋಗುವಾಗ ಬೀಗರೂ ಜೊತೆಗೆ ಬಂದರು. ಅಲ್ಲಿ ಬೈಕಿಗೆ ವಿಮೆ ಮಾಡಿಸುವವನೇ ಮನುಷ್ಯರಿಗೂ ಮಾಡಿಸುತ್ತಾನೆ. ಮನೆಯಾಕೆಯನ್ನು ಮೇಲಿಂದ ಕೆಳಗೆ ನೋಡಿದ್ದು ನೋಡಿದರೆ, ಎಂಜಿನ್ ನಂಬರ್ ಎಲ್ಲಿದೆ ಎಂದು ಹುಡುಕುತ್ತಿದ್ದನೇನೋ.

"ನಮ್ಮದರಾಗೆ ವಯಸ್ಸಿನ ತಕರಾರೇ ಇಲ್ಲ. ಆದರೆ ಆಸ್ಪತ್ರೆ ರೂಮಿನ ಬಾಡಿಗೆಗೆ ಒಂದು ಮಿತಿ ಐತೆ. ಅದಕ್ಕಿಂತ ದೊಡ್ಡ ರೂಮ್ ತಗೊಂಡ್ರೆ ಇಡೀ ಬಿಲ್ಲಿನಾಗೆ ಕಡಿತ ಆಗ್ತೈತೆ" ಎಂದ.

ನನಗೆ ಅರ್ಥವಾಗಲಿಲ್ಲ. ಊರ ಶಾಲೆಯಲ್ಲಿ ಓದಿದವನು ನಾನು, ನಿಧಾನ. "ರೂಮು ದೊಡ್ಡದಾದರೆ ರೂಮಿನ ದುಡ್ಡು ಕಡೀರಿ. ಡಾಕ್ಟರ ದುಡ್ಡು ಯಾಕೆ ಕಡೀತೀರಿ? ದೊಡ್ಡ ರೂಮಿನಾಗೆ ಮಂಡಿ ದೊಡ್ಡದಾಗುತ್ತಾ?" ಎಂದು ಕೇಳಿದೆ.

"ಅದು ಕಂಪನಿ ರೂಲ್ಸು ಯಜಮಾನ್ರೇ."

ಬೀಗರು ಟವಲ್ಲು ಹೆಗಲಿಗೆ ಹಾಕಿಕೊಂಡು ಮುಂದೆ ಬಗ್ಗಿದರು. "ಹಂಗಾದರೆ ರೂಮೇ ಬ್ಯಾಡ. ನಮ್ಮ ಬೀಗಿತ್ತಿ ಆಸ್ಪತ್ರೆ ಜಗಲಿ ಮ್ಯಾಲೆ ಮಲಗ್ತಾರೆ. ಆಗ ಪೂರ್ತಿ ಕೊಡ್ತೀರೋ, ಇಲ್ಲ ಮೇಲೊಂದಿಷ್ಟು ಸೇರಿಸಿ ಕೊಡ್ತೀರೋ?"

ಅವರು ಗೇಲಿ ಮಾಡಿದ್ದು. ಅವನು ಮಾತ್ರ ಮೊಬೈಲು ತೆಗೆದು ತನ್ನ ಮೇಲಿನವರಿಗೆ ಫೋನ್ ಹಚ್ಚಿ, ಹೊರಗೆ ಹೋಗಿ ಮಾತಾಡಿ, ಒಳಗೆ ಬಂದು ಖುಷಿಯಿಂದ ಹೇಳಿದ:

"ಕೇಳಿದೆ ಸಾರ್. ಅಡ್ಮಿಟ್ ಆಗಿದ್ದರೆ ಸಾಕಂತೆ, ಜಗಲಿ ಆದರೂ ನಡೀತೈತಂತೆ!"

೩. ಕಾಯುವವರು

ಕೊನೆಗೆ ನಮ್ಮ ನ್ಯಾಮತಿಯಲ್ಲೇ ಒಂದು ಜೆರಾಕ್ಸ್ ಅಂಗಡಿ ಸಿಕ್ಕಿತು. ಆ ಅಂಗಡಿಯವನು ಮೂರು ಕಂಪನಿಗಳ ವಿಮೆಯನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಹಾಕಿ, ಕನ್ನಡದಲ್ಲೇ ಅಚ್ಚು ಮಾಡಿಸಿ ಇಟ್ಟಿದ್ದ. ಕನ್ನಡ ಎಂದರೆ ಕನ್ನಡದ ಅಕ್ಷರ ಎಂದಷ್ಟೇ ಅರ್ಥ. ಅದನ್ನು ಮನುಷ್ಯರು ಬರೆದಿರಲಿಕ್ಕಿಲ್ಲ. ಆದರೂ ಅದರಲ್ಲಿ ಒಂದು ಸಾಲು ನಮ್ಮ ಮನಸ್ಸಿಗೆ ನಾಟಿತು: ‘ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ.’ ಒಂದು ಕಂಪನಿಯದು ಒಂದು ವರ್ಷ, ಇನ್ನೊಂದರದು ಎರಡು, ಮತ್ತೊಂದರದು ಮೂರು.

ಬೀಗರು ಕಣ್ಣರಳಿಸಿದರು. "ಬೀಗರೇ, ಒಂದು ವರ್ಷ ಕಾಯೋನು ಜಾಸ್ತಿ ಕಂತು ಕೇಳ್ತಾನೆ, ಮೂರು ವರ್ಷ ಕಾಯೋನು ಕಡಿಮೆ ಕೇಳ್ತಾನೆ! ಇಷ್ಟು ಕಮ್ಮಿ ಕೂಲಿಗೆ ಇಷ್ಟು ದಿನ ಕುರಿ ಕಾಯೋ ಆಳು ನನಗೆ ಜಗಳೂರಿನಾಗೆ ಒಬ್ಬನೂ ಸಿಕ್ಕಿಲ್ಲ. ಮೂರು ವರ್ಷದ್ದೇ ಹಿಡೀರಿ."

ನನಗೂ ಸರಿ ಎನಿಸಿತು. ಅಂಗಡಿಯವನ ಕಡೆ ನೋಡಿದೆವು. ಅವನಿಗೆ ಎಲ್ಲಾ ಗೊತ್ತಿತ್ತು. ಆ ಪುಣ್ಯಾತ್ಮ ತಲೆ ಆಡಿಸಿ, "ಹಿರಿಯರ ತಲೆ ಅಂದ್ರೆ ತಲೆ! ಓದಿದೋರಿಗೂ ಇದು ಹೊಳೆಯಲ್ಲ" ಎಂದು ಚಹಾ ತರಿಸಿದ.

ಕಾಯುವವನು ಶಿವನೊಬ್ಬನೇ ಎಂದು ಇಷ್ಟು ವಯಸ್ಸಿನವರೆಗೆ ನಂಬಿದ್ದ ನಾನು, ಆ ಸಂಜೆ ವಿಭೂತಿ ಹಚ್ಚಿಕೊಳ್ಳುವಾಗ ಕೈಮುಗಿದು ಹೇಳಿದೆ: "ಶಿವಾ, ಇನ್ನು ಮೂರು ವರ್ಷ ನೀನು ಸ್ವಲ್ಪ ಸುಧಾರಿಸಿಕೋ, ಇವರು ನೋಡಿಕೊಳ್ತಾರೆ."

೪. ಆರಾಮಾ?

ಕಂತು ಕಟ್ಟುವ ಮುಂಚೆ ಕಂಪನಿಯಿಂದ ಫೋನ್ ಬರುತ್ತದೆ, ಕೇಳಿದ್ದಕ್ಕೆ ಅಮ್ಮಾವ್ರೇ ಉತ್ತರ ಹೇಳಬೇಕು ಎಂದಿದ್ದ ಅಂಗಡಿಯವನು. ಬಂತು. ಸ್ಪೀಕರ್ ಹಾಕಿ ನಾವೆಲ್ಲ ಸುತ್ತ ಕೂತೆವು. ಆಕಡೆ ಒಬ್ಬ ಹುಡುಗಿ, ಪಾಠ ಓದಿದ ಹಾಗೆ ಕೇಳಿದಳು:

"ಮೇಡಂ, ಪ್ರಸ್ತುತ ನಿಮ್ಮ ಆರೋಗ್ಯದಲ್ಲಿ ಯಾವುದಾದರೂ ತೊಂದರೆ ಇದೆಯೇ?"

"ಎಲ್ಲಾ ಆರಾಮವ್ವಾ. ನೀವು ಆರಾಮಾ?"

ನಾನು ನನ್ನ ಮಂಡಿ ತಟ್ಟಿ ತೋರಿಸಿದೆ. ಮನೆಯಾಕೆ ನನ್ನನ್ನೇ ಗದರಿದಳು. ನಮ್ಮ ಕಡೆ ಯಾರಾದರೂ ಹೆಂಗದೀರಿ ಎಂದರೆ ಆರಾಮ ಎನ್ನಬೇಕು. ಗುರುತಿಲ್ಲದವರ ಮುಂದೆ ಮೊದಲ ಮಾತಿಗೇ ನೋವು ಬಿಚ್ಚಿಡುವುದು ಮರ್ಯಾದೆ ಅಲ್ಲ. ಕಂಪನಿಗೆ ಆ ಮರ್ಯಾದೆ ತಿಳಿಯಬೇಕಲ್ಲ! ‘ಆರಾಮ’ ಎಂದದ್ದನ್ನೇ ಹಿಡಿದುಕೊಂಡು ನಾಳೆ ಸುಳ್ಳು ಹೇಳಿದಿರಿ ಎನ್ನುವವರು ಅವರು. ಅದಕ್ಕೆ ನಾನೇ ನಡುವೆ ಬಾಯಿ ಹಾಕಿ, "ಮಂಡಿ ಸವೆದೈತೆ ತಾಯಿ, ಆಪರೇಶನ್ ಆಗಬೇಕು, ಅದನ್ನ ಬರಕೊಳ್ಳಿ" ಎಂದೆ.

"ಹಾಗಾದರೆ ಮಂಡಿಗೆ ಮೂರು ವರ್ಷ ಕಾಯುವ ಅವಧಿ ಅನ್ವಯಿಸುತ್ತದೆ ಸರ್."

"ಗೊತ್ತೈತೆ, ಅದಕ್ಕೇ ನಿಮ್ಮದನ್ನ ಹಿಡಿದಿದ್ದು. ಚೆನ್ನಾಗಿ ಕಾಯ್ರಿ" ಎಂದರು ಬೀಗರು.

ಹುಡುಗಿ ತಿದ್ದಿದಳು: "ಸರ್, ಕಾಯುವುದು ನಾವಲ್ಲ. ನೀವು. ಮೂರು ವರ್ಷ ಕಂತು ಕಟ್ಟುತ್ತಾ ಕಾಯಬೇಕು, ಆಮೇಲೆ ಮಂಡಿಗೆ ಕೊಡುತ್ತೇವೆ."

ಬೀಗರ ಮುಖ ಸಪ್ಪಗಾಯಿತು. ನನ್ನ ಕಡೆ ತಿರುಗಿ ಮೆಲ್ಲಗೆ, "ಹಂಗಾದರೆ ಕುರಿ ನಾವೇ ಬೀಗರೇ" ಎಂದರು.

ಮನೆಯಾಕೆ ಮಾತ್ರ ಫೋನ್ ಕೆಳಗಿಡಲಿಲ್ಲ. "ಅವ್ವಾ, ನಿಮ್ಮ ತಾಯಿಗೂ ಮಂಡಿನೋವು ಐತಾ?"

"...ಇತ್ತು ಮೇಡಂ."

"ಅವರಿಗೆ ಇದೇ ವಿಮೆ ಮಾಡಿಸಿದ್ಯಾ?"

"ಕ್ಷಮಿಸಿ, ಈ ಕರೆ ಗುಣಮಟ್ಟದ ಸಲುವಾಗಿ ಧ್ವನಿಮುದ್ರಣವಾಗುತ್ತಿದೆ."

"ಆಗ್ಲಿ ಬಿಡು. ನೀನು ಮೆಲ್ಲಕೆ ಹೇಳು."

ಹುಡುಗಿಯ ಪಾಠದ ಕನ್ನಡ ಅಲ್ಲಿಗೆ ಮುಗಿದು ಮನೆಯ ಕನ್ನಡ ಬಂತು. "ಸರ್ಕಾರಿ ಆರೋಗ್ಯ ಕಾರ್ಡಿನಾಗೆ ಆಪರೇಶನ್ ಮಾಡಿಸಿದ್ವಿ ಅಮ್ಮಾ. ಈಗ ಆರಾಮ ಅದಾಳೆ!"

ಆ ಕಾರ್ಡು ನಮ್ಮ ಮನೆಯಲ್ಲೂ ಇತ್ತು, ಮಂಡಿಗೂ ಆಗುತ್ತದೆ ಎಂದು ಗೊತ್ತಿರಲಿಲ್ಲ ಅಷ್ಟೇ. ಮೂರು ಊರಿನ ಮೂವರಲ್ಲಿ ಒಬ್ಬನೂ ಅದನ್ನು ಕೇಳಿರಲಿಲ್ಲ. ಕೇಳಿದ್ದರೆ ಅವರ ಅಂಗಡಿ ನಡೆಯಬೇಕಲ್ಲ! ಅದನ್ನೇ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದೆವು, ಸರದಿಯಲ್ಲಿ ನಿಂತೆವು, ಮಂಡಿ ಆಪರೇಶನ್ ಆಯಿತು. ಮನೆಯಾಕೆ ಈಗ ನಿಧಾನಕ್ಕೆ ಮೆಟ್ಟಿಲು ಹತ್ತುತ್ತಾಳೆ.

ಇದನ್ನು ಓದಿದ ನೀವು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮನೆಯಲ್ಲಿ, ಕಟ್ಟೆಯ ಮೇಲೆ, ಬಸ್ಸಿನಲ್ಲಿ ಸಿಕ್ಕ ಹಿರಿಯರಿಗೆಲ್ಲ ಹೇಳಿರಿ. ಕಿವಿ ಮಂದ ಇದ್ದವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿರಿ. ಪಕ್ಕದಲ್ಲಿ ಟೈ ಕಟ್ಟಿದವನು ಕೂತಿದ್ದರೆ ಇನ್ನೂ ಗಟ್ಟಿಯಾಗಿ.